ಎಂಜಿನ್ ಎಲ್ಲರದು, ಆಟ ಯಾರದು?

1993ರ ಡಿಸೆಂಬರ್ 10ರಂದು ಹೊರಬಂದ 'ಡೂಮ್' ಎಂಬ ಗುಂಡು ಹಾರಿಸುವ ಕಂಪ್ಯೂಟರ್ ಆಟದ ಉಚಿತ ಆವೃತ್ತಿಯ ಫೋಲ್ಡರ್ ತೆರೆದರೆ ಮುಖ್ಯವಾದ ಫೈಲುಗಳು ಎರಡೇ. ಒಂದು, ಎಂಜಿನ್ ಎನ್ನುವ ಓಡುವ ಪ್ರೋಗ್ರಾಂ; ಒಂದು ಎಂಬಿಗೂ ಕಡಿಮೆ. ಇನ್ನೊಂದು, ವ್ಯಾಡ್ ಎಂದು ಕರೆಯುವ ಸಾಮಗ್ರಿಯ ಗಂಟು; 1.9ನೇ ಆವೃತ್ತಿಯಲ್ಲಿ 41,96,020 ಬೈಟ್. ಗೋಡೆ, ಬಾಗಿಲು, ರಾಕ್ಷಸರು, ಗುಂಡಿನ ಸದ್ದು, ನಕ್ಷೆ, ಸಂಗೀತ ಎಲ್ಲ ಇರುವುದು ಈ ಗಂಟಿನಲ್ಲಿ. ರಾಕ್ಷಸ ಎಷ್ಟು ಹೊತ್ತಿಗೊಂದು ಹೆಜ್ಜೆ ಇಡಬೇಕು, ಎಷ್ಟು ಏಟಿಗೆ ಬೀಳಬೇಕು ಎಂಬುದು ಪ್ರೋಗ್ರಾಮಿಗೆ ಗೊತ್ತು. ಅವನ ಮುಖ ಹೇಗಿದೆ ಎಂಬುದು ಗೊತ್ತಿಲ್ಲ.

ಪ್ರೋಗ್ರಾಮಿನ ಮೂಲ ಕೋಡನ್ನು ಎಲ್ಲರಿಗೂ ತೆರೆದಿಡುವ ಓಪನ್ ಸೋರ್ಸ್ ಎಂಬ ಪದ್ಧತಿ ವೀಡಿಯೊ ಗೇಮುಗಳಿಗೆ ಎಷ್ಟರ ಮಟ್ಟಿಗೆ ಒಗ್ಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಈ ಎರಡು ಫೈಲುಗಳ ನಡುವಿನ ಹೊಲಿಗೆಯಲ್ಲಿ. ಆಟವನ್ನು ಒಂದೇ ತಂತ್ರಾಂಶ ಎಂದುಕೊಂಡು ಹೊರಟರೆ ಲೈಸೆನ್ಸ್, ಹಣ, ಮೋಸದಾಟ ಯಾವುದೂ ಅರ್ಥವಾಗುವುದಿಲ್ಲ. ಎರಡು ಎಂದುಕೊಂಡರೆ ಬಹುಪಾಲು ಗೊಂದಲ ಅಲ್ಲೇ ಕರಗುತ್ತದೆ.

ವ್ಯಾಡ್ ಫೈಲಿನ ಒಳರಚನೆ ಸರಳ. ಮೊದಲ 12 ಬೈಟ್ ತಲೆಬರಹ. ಅದರಲ್ಲಿ ನಾಲ್ಕು ಬೈಟ್, ಇದು ಮೂಲ ವ್ಯಾಡೋ ಅದರ ಮೇಲೆ ಹಚ್ಚುವ ತೇಪೆಯೋ ಎಂಬ ಗುರುತಿಗೆ. ನಾಲ್ಕು, ಒಳಗೆ ಎಷ್ಟು ತುಣುಕುಗಳಿವೆ ಎಂಬ ಎಣಿಕೆಗೆ. ಉಳಿದ ನಾಲ್ಕು, ಆ ತುಣುಕುಗಳ ಪಟ್ಟಿ ಫೈಲಿನ ಯಾವ ಜಾಗದಿಂದ ಶುರುವಾಗುತ್ತದೆ ಎಂಬ ಸಂಖ್ಯೆಗೆ. ಪಟ್ಟಿಯ ಪ್ರತಿ ಸಾಲು 16 ಬೈಟ್: ತುಣುಕು ಎಲ್ಲಿದೆ, ಎಷ್ಟು ದೊಡ್ಡದು, ಹೆಸರೇನು. ಹೆಸರಿಗೆ ಹೆಚ್ಚೆಂದರೆ ಎಂಟು ಅಕ್ಷರ. ಉಚಿತ ಆವೃತ್ತಿಯಲ್ಲಿ ಇಂಥ 1,264 ತುಣುಕುಗಳಿವೆ. ಎಂಜಿನ್ ಕೇಳುವುದು ಹೆಸರನ್ನು ಮಾತ್ರ; ಆ ಹೆಸರಿನಡಿ ಯಾವ ಚಿತ್ರ ಇಟ್ಟರೂ ಅದನ್ನೇ ತೆರೆಗೆ ತರುತ್ತದೆ. ಯಕ್ಷಗಾನದವರ ಮಾತಿನಲ್ಲಿ ಹೇಳುವುದಾದರೆ ಎಂಜಿನ್ ಮೇಳವಿದ್ದಂತೆ, ವ್ಯಾಡ್ ಪ್ರಸಂಗವಿದ್ದಂತೆ. ಅದೇ ಹಿಮ್ಮೇಳ, ಅದೇ ರಂಗಸ್ಥಳ, ರಾತ್ರಿಗೊಂದು ಪ್ರಸಂಗ.

ಮೇಳ ಬಿಟ್ಟುಕೊಟ್ಟರು, ಪ್ರಸಂಗ ಇಟ್ಟುಕೊಂಡರು

1997ರ ಡಿಸೆಂಬರ್ 23ರಂದು ಆ ಆಟ ಮಾಡಿದ ಐಡಿ ಸಾಫ್ಟ್‌ವೇರ್ ಕಂಪನಿಯ ಜಾನ್ ಕಾರ್ಮ್ಯಾಕ್ ಡೂಮ್‌ನ ಸೋರ್ಸ್ ಕೋಡ್ ಬಿಡುಗಡೆ ಮಾಡಿದರು. ಜನ ಆಡಿದ್ದು ಅಂದಿನ ಪಿಸಿಗಳ ಆಪರೇಟಿಂಗ್ ಸಿಸ್ಟಂ ಆದ ಡಾಸ್‌ನ ಆವೃತ್ತಿಯನ್ನು. ಹೊರಬಂದದ್ದು ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂನ ಆವೃತ್ತಿಯ ಕೋಡ್. ಡಾಸ್ ಆವೃತ್ತಿಯಲ್ಲಿ ಸದ್ದು ಹೊರಡಿಸುತ್ತಿದ್ದ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಹೊರಗಿನವರಿಂದ ಲೈಸೆನ್ಸ್ ಪಡೆದದ್ದಾಗಿತ್ತು, ಅದನ್ನು ಹಂಚುವ ಹಕ್ಕು ಐಡಿಗೆ ಇರಲಿಲ್ಲ. ಹಳೆಯ ಆಟದ ಕೋಡ್ ಬಿಡುಗಡೆ ಮಾಡಲು ಹೊರಡುವ ಯಾವ ಕಂಪನಿಯೂ ಮೊದಲು ಎಡವುವ ಕಲ್ಲು ಇದೇ. ಅದರ ಬಗ್ಗೆ ಮುಂದೆ ಹೇಳುತ್ತೇವೆ.

ಆ ಮೊದಲ ಬಿಡುಗಡೆ ನಿಜವಾದ ಓಪನ್ ಸೋರ್ಸ್ ಆಗಿರಲಿಲ್ಲ. ಲಾಭಕ್ಕೆ ಬಳಸಬಾರದು ಎಂಬ ಷರತ್ತು ಅದಕ್ಕಿತ್ತು. ಕೋಡ್ ಕಣ್ಣಿಗೆ ಕಂಡರೆ ಸಾಲದು. ಯಾರು ಬೇಕಾದರೂ, ಯಾವ ಉದ್ದೇಶಕ್ಕೆ ಬೇಕಾದರೂ, ಮಾರಾಟಕ್ಕೂ ಸೇರಿ, ಬಳಸಿ ತಿದ್ದಿ ಹಂಚುವ ಅನುಮತಿ ಇದ್ದರೆ ಮಾತ್ರ ಅದನ್ನು ಓಪನ್ ಸೋರ್ಸ್ ಎನ್ನುತ್ತಾರೆ. 1999ರಲ್ಲಿ ಅದೇ ಕೋಡ್, ತಿದ್ದಿ ಹಂಚುವವರು ತಮ್ಮ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕೆನ್ನುವ ಜಿಪಿಎಲ್ ಲೈಸೆನ್ಸಿನಡಿ ಮತ್ತೆ ಹೊರಬಂತು. ಆ ಮೇಲೆ ಒಬ್ಬರು ಮಾಡಿದ ತಿದ್ದುಪಡಿ ಇನ್ನೊಬ್ಬರಿಗೂ ಸಿಗುವುದು ಲೈಸೆನ್ಸಿನ ಬಲದಿಂದಲೇ ಖಾತ್ರಿಯಾಯಿತು. ಇಂದು ಡೂಮ್ ಎಂಜಿನ್ನಿನ ವಂಶಾವಳಿ ದೊಡ್ಡದು. ಹೊಸ ಗ್ರಾಫಿಕ್ಸ್, ಸ್ಕ್ರಿಪ್ಟ್, ಮೌಸ್ ನೋಟ ಎಲ್ಲ ಸೇರಿಸಿದ 'ಜಿಝೆಡ್‌ಡೂಮ್' ಒಂದು ತುದಿ. 1990ರ ದಶಕದ ಆಟವನ್ನು ಅದರ ದೋಷಗಳ ಸಮೇತ ಹಾಗೇ ಉಳಿಸಿಕೊಂಡ 'ಚಾಕೊಲೇಟ್ ಡೂಮ್' ಇನ್ನೊಂದು ತುದಿ.

ಈ ವ್ಯತ್ಯಾಸ ಗೊತ್ತಿಲ್ಲದೆ ಪೇಚಿಗೆ ಸಿಕ್ಕವರು ಬಹಳ. ಮೂಲ ಎಂಜಿನ್ ಒಂದು ನೋಟದಲ್ಲಿ ನೆಲ ಮತ್ತು ಚಾವಣಿಯ ಹಾಸುಗಳನ್ನು 128ರವರೆಗೆ ಮಾತ್ರ ಎಣಿಸಬಲ್ಲದು. ಈಚಿನವರು ಬರೆದ ದೊಡ್ಡ ನಕ್ಷೆಯೊಂದನ್ನು ಚಾಕೊಲೇಟ್ ಡೂಮಿನಲ್ಲಿ ತೆರೆದು, ವಿಶಾಲವಾದ ಅಂಗಳಕ್ಕೆ ಕಾಲಿಟ್ಟೊಡನೆ ಹಾಸುಗಳು ಮುಗಿದವು ಎಂಬ ದೋಷ ಸಂದೇಶ ಬಂದು ಆಟ ನಿಂತುಬಿಡುತ್ತದೆ. ನಕ್ಷೆ ಕೆಟ್ಟಿಲ್ಲ, ಎಂಜಿನ್ನೂ ಕೆಟ್ಟಿಲ್ಲ. ಮಿತಿಯನ್ನು ಬೇಕೆಂದೇ ಉಳಿಸಿಕೊಂಡಿದ್ದಾರೆ, ಅಷ್ಟೆ. ಮಿತಿ ತೆಗೆದ ಎಂಜಿನ್ ಹಾಕಿಕೊಂಡರೆ ಸರಿಹೋಗುತ್ತದೆ.

ಕೋಡ್ ಮುಕ್ತವಾದರೂ ವ್ಯಾಡ್ ಆಗಲಿಲ್ಲ. ಚಿತ್ರ, ನಕ್ಷೆ, ಸಂಗೀತದ ಮೇಲಿನ ಹಕ್ಕು ಇಂದಿಗೂ ಕಂಪನಿಯದೇ. ಆ ತೆರವು ತುಂಬಲು 2001ರಲ್ಲಿ ಶುರುವಾದದ್ದು 'ಫ್ರೀಡೂಮ್'. ಅವರು ಎಂಜಿನ್ ಬರೆಯುವುದಿಲ್ಲ, ವ್ಯಾಡ್ ಮಾತ್ರ ಕಟ್ಟುತ್ತಾರೆ. ತುಣುಕಿನ ಹೆಸರು ಹಳೆಯದೇ ಇರಬೇಕು, ಇಲ್ಲದಿದ್ದರೆ ಎಂಜಿನ್ ಹುಡುಕಿ ಸೋಲುತ್ತದೆ; ಒಳಗಿನ ಚಿತ್ರ ಮಾತ್ರ ಪೂರ್ತಿ ಹೊಸದು. ಇಲ್ಲಿ ಮತ್ತೆ ಮತ್ತೆ ಆಗುವ ತಪ್ಪೊಂದಿದೆ: ಹುರುಪಿನಿಂದ ಬಂದ ಹೊಸಬರು ಮೂಲ ಡೂಮ್‌ನ ಚಿತ್ರಕ್ಕೆ ಬಣ್ಣ ಬದಲಿಸಿ, ಕೊಂಬು ಸೇರಿಸಿ ಕಳಿಸುತ್ತಾರೆ. ಎಷ್ಟು ತಿದ್ದಿದರೂ ಅದು ಮೂಲದಿಂದ ಹುಟ್ಟಿದ ಕೃತಿಯೇ, ಹಾಗಾಗಿ ತಿರಸ್ಕಾರ. ಖಾಲಿ ಕ್ಯಾನ್ವಾಸಿನಿಂದ ಶುರುಮಾಡಿದ್ದಕ್ಕೆ ಮಾತ್ರ ಜಾಗ.

ಯಾವ ಆಟಕ್ಕೆ ಒಗ್ಗುತ್ತದೆ

ವೆಬ್ ಸರ್ವರೋ ಡೇಟಾಬೇಸೋ ಮುಕ್ತ ಪದ್ಧತಿಯಲ್ಲಿ ಬೆಳೆಯುವುದು ಏಕೆಂದರೆ ಬಳಸುವವರಿಗೆ ಅದು ದಿನವೂ ಬೇಕು. ತನ್ನ ತೊಂದರೆ ಸರಿಪಡಿಸಿಕೊಂಡವರು ಆ ತಿದ್ದುಪಡಿಯನ್ನು ಎಲ್ಲರಿಗೂ ಕೊಟ್ಟರೆ ಅವರಿಗೇ ಲಾಭ. ಆಟದಲ್ಲಿ ಈ ಲೆಕ್ಕ ಅರ್ಧ ಮಾತ್ರ ಕೂಡಿಬರುತ್ತದೆ. ಕಥೆ ಇರುವ ಆಟವನ್ನು ಕಟ್ಟುವವರಿಗೆ ಕೊನೆ ಮೊದಲೇ ಗೊತ್ತು; ಆಡಿದವರಿಗೆ ಒಮ್ಮೆ ಮುಗಿದ ಮೇಲೆ ಮರಳಿ ಬರುವ ಕಾರಣವಿಲ್ಲ. ಮರಳಿ ಬಾರದ ಬಳಕೆದಾರ ಪ್ಯಾಚ್, ಅಂದರೆ ತಿದ್ದುಪಡಿ, ಕಳಿಸುವುದಿಲ್ಲ.

ಹಾಗಾಗಿ ಮುಕ್ತ ಆಟಗಳಲ್ಲಿ ದೀರ್ಘಕಾಲ ಬದುಕಿದವು ಯಾವುವು ನೋಡಿ. ಪ್ರತಿ ಸಲವೂ ಹೊಸ ನೆಲಮಾಳಿಗೆ ಹುಟ್ಟಿಸುವ 'ನೆಟ್‌ಹ್ಯಾಕ್' 1987ರದು. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ಶುರುಮಾಡಿದ 'ಫ್ರೀಸಿವ್' 1996ರದು. ಸರದಿಯ ಮೇಲೆ ಆಡುವ ಯುದ್ಧದಾಟ 'ಬ್ಯಾಟಲ್ ಫಾರ್ ವೆಸ್ನಾತ್' 2003ರದು. ಫಿನ್‌ಲ್ಯಾಂಡಿನ ಪೆರ್ತು ಅಹೋಲ 2010ರಲ್ಲಿ ಶುರುಮಾಡಿದ ಇಟ್ಟಿಗೆ ಜೋಡಿಸುವ ಆಟ 'ಮೈನ್‌ಟೆಸ್ಟ್' 2024ರಲ್ಲಿ 'ಲುವಾಂಟಿ' ಎಂದು ಹೆಸರು ಬದಲಿಸಿಕೊಂಡು ನಡೆದಿದೆ. ರೇಸು, ತಂತ್ರಗಾರಿಕೆ, ಕಟ್ಟುವ ಆಟ, ಇಬ್ಬರು ಮೂವರು ಸೇರಿ ಹೊಡೆದಾಡುವ ಆಟ: ಚದುರಂಗದ ಹಾಗೆ ಎಷ್ಟು ಸಲ ಆಡಿದರೂ ಮುಗಿಯದವು. ಸಿನಿಮಾದಂಥ ಆಟ ಈ ದಾರಿಯಲ್ಲಿ ಹುಟ್ಟುವುದು ಅಪರೂಪ. ಅದು ಪದ್ಧತಿಯ ಸೋಲಲ್ಲ, ಹೊಲಕ್ಕೆ ತಕ್ಕ ಬೆಳೆ.

ಚಿತ್ರಕ್ಕೆ ಪ್ಯಾಚ್ ಹೇಗೆ ಹಾಕುವುದು

200 ಸಾಲಿನ ಕೋಡ್ ಬದಲಾವಣೆ ಬಂದರೆ ನೋಡಿಕೊಳ್ಳುವವರು ಸಾಲು ಸಾಲಾಗಿ ಓದಿ, ಟೆಸ್ಟ್ ಓಡಿಸಿ, ಬೇಕಾದ್ದನ್ನು ಇಟ್ಟುಕೊಳ್ಳಬಹುದು. ಮೂರು ಆಯಾಮದ ಚಿತ್ರ ಮಾಡುವ ತಂತ್ರಾಂಶ ಬ್ಲೆಂಡರ್‌ನ ಫೈಲ್ ಬಂದರೆ ಹಾಗಾಗದು. ಅದು ಬೈನರಿ, ಒಳಗೆ ಏನು ಬದಲಾಯಿತು ಎಂದು, ಬದಲಾವಣೆಗಳ ಲೆಕ್ಕವಿಡುವ ತಂತ್ರಾಂಶ ಗಿಟ್ ಹೇಳಲಾರದು, ಎರಡು ಬದಲಾವಣೆಗಳನ್ನು ಬೆಸೆಯಲೂ ಆಗದು. ಇಬ್ಬರು ಕಲಾವಿದರು ಒಂದೇ ಆನೆಯನ್ನು ಒಂದೇ ವಾರ ತಿದ್ದಿದರೆ ಒಬ್ಬರ ಕೆಲಸ ಹೋದಂತೆಯೇ. ಗಾತ್ರದ್ದು ಇನ್ನೊಂದು ತಲೆನೋವು. ಗಿಟ್ ಯೋಜನೆಗಳನ್ನು ಇಡುವ ತಾಣ ಗಿಟ್‌ಹಬ್ 50 ಎಂಬಿ ದಾಟಿದ ಫೈಲಿಗೆ ಎಚ್ಚರಿಸುತ್ತದೆ, 100 ಎಂಬಿ ದಾಟಿದ್ದನ್ನು ಒಳಗೇ ಬಿಡುವುದಿಲ್ಲ. ಅದಕ್ಕಿಂತ ಚಿಕ್ಕದಾದರೂ 40 ಎಂಬಿಯ ಸಂಗೀತ ಫೈಲನ್ನು ಹತ್ತು ಸಲ ತಿದ್ದಿದರೆ ರೆಪೊ ಎನ್ನುವ ಯೋಜನೆಯ ಕಣಜದ ಇತಿಹಾಸದಲ್ಲಿ ಹತ್ತೂ ಪ್ರತಿಗಳು ಉಳಿಯುತ್ತವೆ; ಹೊಸದಾಗಿ ಪೂರ್ತಿ ಪ್ರತಿ ಇಳಿಸಿಕೊಳ್ಳುವವರೆಲ್ಲ ಆ ಭಾರ ಹೊರಬೇಕು. ದೊಡ್ಡ ಫೈಲುಗಳಿಗಾಗಿಯೇ ಇರುವ ಗಿಟ್ ಎಲ್‌ಎಫ್‌ಎಸ್ ಮೊದಲ ದಿನದಿಂದಲೇ ಹಾಕಿಕೊಳ್ಳುವುದು ಲೇಸು. ಆಮೇಲೆ ಹಾಕಿದರೆ ಇತಿಹಾಸವನ್ನೇ ತಿರುಗಿ ಬರೆಯಬೇಕಾಗುತ್ತದೆ, ಆಗ ಎಲ್ಲರ ಹಳೆಯ ಪ್ರತಿಗಳೂ ಕೆಲಸಕ್ಕೆ ಬಾರವು.

ಲೈಸೆನ್ಸ್ ವಿಷಯದಲ್ಲೂ ಎರಡು ಬೇರೆ ಬೇರೆ ಪೆಟ್ಟಿಗೆಗಳೇ. 2001ರಲ್ಲಿ ಇನ್ನೊಂದು ಆಟದ ಮೋಡ್ (ಮಾರ್ಪಾಡು) ಆಗಿ ಶುರುವಾಗಿ 2009ರಲ್ಲಿ ಮುಕ್ತವಾದ 'ಝೀರೊ ಎ.ಡಿ.' ಇದಕ್ಕೆ ಒಳ್ಳೆಯ ಮಾದರಿ: ಕೋಡಿಗೆ ಜಿಪಿಎಲ್, ಚಿತ್ರ ಮತ್ತು ಸದ್ದಿಗೆ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯ 'ಹೆಸರು ಹೇಳಿ, ಹೀಗೇ ಹಂಚಿ' ಲೈಸೆನ್ಸ್. ಕೋಡಿಗೆ ಕ್ರಿಯೇಟಿವ್ ಕಾಮನ್ಸ್ ಹಾಕಬೇಡಿ ಎಂದು ಆ ಸಂಸ್ಥೆಯೇ ಹೇಳುತ್ತದೆ. ಚಿತ್ರಕ್ಕೆ ಜಿಪಿಎಲ್ ಹಾಕಿದರೂ ತೊಡಕು: ತಿದ್ದಲು ಅನುಕೂಲವಾದ ರೂಪವನ್ನೇ ಜಿಪಿಎಲ್ ಸೋರ್ಸ್ ಎನ್ನುತ್ತದೆ. ಹಾಗಾದರೆ ಆಟದೊಳಗಿನ ಪಿಎನ್‌ಜಿ ಕೊಟ್ಟರೆ ಸಾಕೇ, ಪದರಗಳಿರುವ ಮೂಲ ಫೈಲನ್ನೂ ಕೊಡಬೇಕೇ? ಹಾಡಿನ ಓಗ್ ಫೈಲ್ ಸಾಕೇ, ಅದರ ಎಲ್ಲ ಟ್ರ್ಯಾಕುಗಳೂ ಬೇಕೇ? ಅಕ್ಷರಶಃ ಓದಿದರೆ ಬೇಕು, ಆದರೆ ಬಹಳಷ್ಟು ಯೋಜನೆಗಳಲ್ಲಿ ಮೂಲ ಫೈಲ್ ಕಲಾವಿದರ ಹಳೆಯ ಲ್ಯಾಪ್‌ಟಾಪಿನೊಂದಿಗೇ ಕಳೆದುಹೋಗಿರುತ್ತದೆ. ಚಿತ್ರ ಸ್ವೀಕರಿಸುವ ದಿನವೇ ಮೂಲ ಫೈಲ್ ಕೇಳಿ ಪಡೆಯಿರಿ.

'ವಾಣಿಜ್ಯೇತರ ಬಳಕೆಗೆ ಮಾತ್ರ' ಎಂದಿರುವ ಉಚಿತ ಚಿತ್ರಗಳು ಎಲ್ಲೆಡೆ ಸಿಗುತ್ತವೆ, ಕೈ ಹಾಕಬೇಡಿ. ಅಂಥದ್ದೊಂದು ಒಳಗೆ ಬಂದರೆ ಇಡೀ ಆಟ ಡೆಬಿಯನ್‌ನಂಥ ಲಿನಕ್ಸ್ ವಿತರಣೆಯ ಮುಖ್ಯ ಕಪಾಟಿನಿಂದ ಹೊರಬೀಳುತ್ತದೆ. ಡೆಬಿಯನ್‌ನ ವಿಂಗಡಣೆ ಈ ಹೊಲಿಗೆಯನ್ನು ಚೆನ್ನಾಗಿ ತೋರಿಸುತ್ತದೆ: ಕೋಡ್ ಮುಕ್ತವಿದ್ದು ಓಡಲು ಮುಕ್ತವಲ್ಲದ ಸಾಮಗ್ರಿ ಬೇಕೇ ಬೇಕೆಂದಾದರೆ ಆ ಎಂಜಿನ್ 'ಕಾಂಟ್ರಿಬ್' ಕಪಾಟಿಗೆ ಹೋಗುತ್ತದೆ. ಡೂಮ್ ಎಂಜಿನ್ನುಗಳು 'ಮೇನ್' ಕಪಾಟಿನಲ್ಲಿ ಕೂತಿರುವುದು ಫ್ರೀಡೂಮ್ ಇರುವ ಪುಣ್ಯದಿಂದ.

ಹೆಸರು ಹೇಳುವ ಷರತ್ತೂ ಹಗುರವಲ್ಲ. 2012ರ 'ಲಿಬರೇಟೆಡ್ ಪಿಕ್ಸೆಲ್ ಕಪ್' ಸ್ಪರ್ಧೆಯಿಂದ ಹುಟ್ಟಿದ ಪಾತ್ರಚಿತ್ರಗಳನ್ನು ಇಂದಿಗೂ ಬಳಸುತ್ತಾರೆ. ಅಲ್ಲಿ ಒಂದು ಪಾತ್ರದ ಕೂದಲು ಒಬ್ಬರದು, ಅಂಗಿ ಇನ್ನೊಬ್ಬರದು, ಕತ್ತಿ ಮತ್ತೊಬ್ಬರದು. ಪ್ರತಿಯೊಬ್ಬರ ಹೆಸರೂ ಆಟದ ಜೊತೆ ಹೋಗಬೇಕು. ಚಿತ್ರ ಇಳಿಸಿಕೊಂಡ ಕೂಡಲೇ ಕಡತದ ಹೆಸರು, ಕಲಾವಿದರ ಹೆಸರು, ಸಿಕ್ಕ ಜಾಗ, ಲೈಸೆನ್ಸ್ ಎಂಬ ನಾಲ್ಕು ಕಲಮುಗಳ ಪಟ್ಟಿಯಲ್ಲಿ ಬರೆದಿಡಿ. ಆರು ತಿಂಗಳ ನಂತರ ಹುಡುಕಲು ಕೂತರೆ ಸಿಗುವುದಿಲ್ಲ.

ಬಿಚ್ಚಿ ನೋಡಿ ಕಟ್ಟಿದವರು

ಕಂಪನಿ ಕೋಡ್ ಕೊಡದಿದ್ದರೆ? 1995ರ 'ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್' ಆಟವನ್ನು ಸ್ವೀಡನ್ನಿನ ಲುಡ್ವಿಗ್ ಸ್ಟ್ರಿಗೇಯಸ್ ಯಂತ್ರಭಾಷೆಯ ಮಟ್ಟದಲ್ಲಿ ಬಿಚ್ಚಿ ಸಿ ಭಾಷೆಗೆ ತಂದು 2004ರಲ್ಲಿ 'ಓಪನ್ ಟಿಟಿಡಿ' ಎಂದು ಹೊರಬಿಟ್ಟರು. ಕನ್ನಡಿಗರಿಗೆ ಟಿಟಿಡಿ ಎಂದರೆ ತಿರುಪತಿ ನೆನಪಾಗುವುದು ಸಹಜ. ಇದು ರೈಲು, ಬಸ್ಸು ಓಡಿಸುವ ಟಿಟಿಡಿ. ಮೊದಲಿಗೆ ಆಡಲು ಹಳೆಯ ಸಿಡಿಯ ಚಿತ್ರಗಳು ಬೇಕೇ ಬೇಕಿತ್ತು. ಸ್ವಯಂಸೇವಕರು ಒಂದೊಂದೇ ರೈಲು, ಒಂದೊಂದೇ ಮನೆ ಹೊಸದಾಗಿ ಬರೆದು 'ಓಪನ್‌ಜಿಎಫ್‌ಎಕ್ಸ್' ಎಂಬ ಚಿತ್ರಗುಚ್ಛ ಮಾಡಿದರು. ಸದ್ದಿಗೆ, ಸಂಗೀತಕ್ಕೆ ಬೇರೆ ಗುಚ್ಛಗಳು ಬಂದವು. 2010ರ ಏಪ್ರಿಲ್‌ನಲ್ಲಿ 1.0 ಆವೃತ್ತಿ ಬರುವಾಗ ಹಳೆಯ ಸಿಡಿಯ ಹಂಗು ಹರಿದಿತ್ತು. ಆಟ ನಡೆಯುತ್ತಿರುವಂತೆಯೇ ಒಂದೊಂದೇ ತುಂಡು ಬದಲಿಸಿದ ಈ ಕ್ರಮ, ಎಲ್ಲವನ್ನೂ ಸೊನ್ನೆಯಿಂದ ಬರೆಯುತ್ತೇವೆಂದು ಹೊರಟು ಅರ್ಧಕ್ಕೆ ನಿಂತ ಎಷ್ಟೋ ಯೋಜನೆಗಳಿಗಿಂತ ಜಾಣತನದ್ದು.

ಆದರೆ ಕಾನೂನಿನ ಕಣ್ಣಿನಲ್ಲಿ ಇದು ಐಡಿಯ ಬಿಡುಗಡೆಯಷ್ಟು ನಿಶ್ಚಿಂತೆಯ ದಾರಿಯಲ್ಲ. ಮೂಲವನ್ನು ಬಿಚ್ಚಿ ನೋಡಿದವರೇ ಹೊಸದನ್ನು ಬರೆದರೆ ಅದು ನಕಲು ಎಂಬ ವಾದಕ್ಕೆ ಎಡೆ ಇರುತ್ತದೆ. ಅದಕ್ಕೇ ಎಚ್ಚರದ ತಂಡಗಳು ಕೆಲಸ ಹಂಚಿಕೊಳ್ಳುತ್ತವೆ: ಒಬ್ಬರು ಬಿಚ್ಚಿ ನೋಡಿ ಅದು ಏನು ಮಾಡುತ್ತದೆ ಎಂಬ ವಿವರಣೆ ಬರೆಯುತ್ತಾರೆ, ಮೂಲವನ್ನು ನೋಡದ ಇನ್ನೊಬ್ಬರು ಆ ವಿವರಣೆಯಿಂದ ಕೋಡ್ ಬರೆಯುತ್ತಾರೆ.

ಕಂಪನಿಯ ಕೋಡ್ ಹೊರಬರುವಾಗ ಏನೇನು ಕೈಕೊಡುತ್ತದೆ

2025ರ ಫೆಬ್ರವರಿ 27ರಂದು ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ 'ಕಮಾಂಡ್ ಆ್ಯಂಡ್ ಕಾಂಕರ್' ಸರಣಿಯ 'ಜನರಲ್ಸ್' ಸೇರಿದಂತೆ ನಾಲ್ಕು ಹಳೆಯ ಆಟಗಳ ಕೋಡನ್ನು ಜಿಪಿಎಲ್‌ನ 3ನೇ ಆವೃತ್ತಿಯಡಿ ಬಿಟ್ಟಿತು. ಇಳಿಸಿಕೊಂಡು ಕಂಪೈಲ್ (ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವ ಕ್ರಿಯೆ) ಒತ್ತಿದವರಿಗೆ ಸಿಕ್ಕಿದ್ದು ದೋಷಗಳ ಸಾಲು. ಜೊತೆಗಿದ್ದ ಓದುಗಡತದಲ್ಲಿ ಕಾರಣವೂ ಇತ್ತು: ವೀಡಿಯೊ ತೋರಿಸುವ ಬಿಂಕ್, ಸದ್ದಿನ ಮೈಲ್ಸ್, ನಕಲು ತಡೆಯುವ ಸೇಫ್‌ಡಿಸ್ಕ್, ಆಟಗಾರರನ್ನು ಜೋಡಿಸುವ ಗೇಮ್‌ಸ್ಪೈ, ಇವೆಲ್ಲ ಬೇರೆಯವರ ಸೊತ್ತು, ಕಿತ್ತುಹಾಕಲಾಗಿದೆ. ಅವುಗಳಲ್ಲಿ ಗೇಮ್‌ಸ್ಪೈ ಸೇವೆ ನಿಂತೇ ವರ್ಷಗಳಾಗಿವೆ.

ಇಂಥ ಕೋಡ್ ಕೈಗೆ ಬಂದಾಗ ಅನುಭವಿಗಳು ಹಿಡಿಯುವ ಕ್ರಮ ಹೀಗಿರುತ್ತದೆ. ಮೊದಲು ಕಿತ್ತ ಪ್ರತಿ ಲೈಬ್ರರಿಯ ಜಾಗದಲ್ಲಿ ಏನೂ ಮಾಡದ ಖಾಲಿ ಫಂಕ್ಷನ್‌ಗಳನ್ನು ಇಟ್ಟು, ಮೂಕ ಆಟವಾದರೂ ಸರಿ, ಕಂಪೈಲ್ ಆಗುವಂತೆ ಮಾಡುವುದು. ಆಮೇಲೆ ಒಂದೊಂದಕ್ಕೇ ಮುಕ್ತ ಬದಲಿ: ಸದ್ದಿಗೆ ಓಪನ್‌ಎಎಲ್, ಕಿಟಕಿ ಮತ್ತು ಕೀಲಿಮಣೆಗೆ ಎಸ್‌ಡಿಎಲ್, ವೀಡಿಯೊಗೆ ಎಫ್‌ಎಫ್‌ಎಂಪೆಗ್. ಈ ಹಂತದಲ್ಲಿ ಹೊಸ ಸೌಲಭ್ಯ ಸೇರಿಸುವ ಆಸೆಗೆ ಬಿದ್ದರೆ, ಆಟ ಕೆಟ್ಟಾಗ ಅದು ಹಳೆಯ ದೋಷವೋ ನಿಮ್ಮದೋ ಎಂದು ಹೇಳಲಾಗದ ಸ್ಥಿತಿ ಬರುತ್ತದೆ.

ಪೇಟೆಂಟ್ ಕೂಡ ಅಡ್ಡ ಬಂದದ್ದುಂಟು. 2011ರ ನವೆಂಬರ್‌ನಲ್ಲಿ 'ಡೂಮ್ 3'ರ ಕೋಡ್ ಬಿಡುವ ಮುಂಚೆ, ನೆರಳು ಬಿಡಿಸುವ ವಿಧಾನವೊಂದರ ಮೇಲೆ ಸೌಂಡ್ ಕಾರ್ಡ್ ಮಾಡುವ ಕ್ರಿಯೇಟಿವ್ ಕಂಪನಿಯ ಪೇಟೆಂಟ್ ಇದ್ದುದರಿಂದ ವಕೀಲರು ಒಪ್ಪಲಿಲ್ಲ. ಕಾರ್ಮ್ಯಾಕ್ ಆ ಭಾಗವನ್ನು ತಿದ್ದಿ ಬರೆದು ಕೊಟ್ಟರು. ತಮಾಷೆಯೆಂದರೆ ಆ ವಿಧಾನವನ್ನು ಜನ ಕರೆಯುವುದೇ ಕಾರ್ಮ್ಯಾಕ್ ಹೆಸರಿನಿಂದ.

ಕೋಡ್ ಕಂಡ ಮಾತ್ರಕ್ಕೆ ಓಪನ್ ಸೋರ್ಸ್ ಎಂದುಕೊಳ್ಳಬೇಡಿ. ಆರು 'ವಿ'ಗಳ ಹೆಸರಿನ 'ವಿವಿವಿವಿವಿವಿ' ಆಟದ ಕೋಡ್ 2020ರಲ್ಲಿ ಹತ್ತನೇ ವರ್ಷದ ನೆನಪಿಗೆ ಹೊರಬಂತು, ಆದರೆ ತನ್ನದೇ ಷರತ್ತುಗಳ ಲೈಸೆನ್ಸಿನಡಿ. ಅನ್‌ರಿಯಲ್ ಎಂಜಿನ್ನಿನ ಕೋಡನ್ನು, ಕಂಪನಿಯಲ್ಲಿ ಖಾತೆ ತೆರೆದು ಗಿಟ್‌ಹಬ್‌ಗೆ ಜೋಡಿಸಿಕೊಂಡ ಯಾರು ಬೇಕಾದರೂ ಓದಬಹುದು. ಆದರೆ ಆಟದ ಗಳಿಕೆ 10 ಲಕ್ಷ ಡಾಲರ್ ದಾಟಿದ ಮೇಲೆ ಶೇ 5 ರಾಯಲ್ಟಿ ಕಟ್ಟಬೇಕು. ಎರಡೂ ಒಳ್ಳೆಯವೇ. ಓಪನ್ ಸೋರ್ಸ್ ಮಾತ್ರ ಅಲ್ಲ.

ಕೋಡ್ ತೆರೆದರೆ ಮೋಸ ಹೆಚ್ಚುತ್ತದೆಯೇ

ಹೆಚ್ಚುತ್ತದೆ. 1999ರ ಡಿಸೆಂಬರ್ 21ರಂದು ಐಡಿಯದೇ ಇನ್ನೊಂದು ಗುಂಡಿನ ಆಟ 'ಕ್ವೇಕ್'ನ ಕೋಡ್ ಜಿಪಿಎಲ್‌ನಡಿ ಬಂದ ಕೆಲವೇ ದಿನಗಳಲ್ಲಿ ಇಂಟರ್ನೆಟ್ ಪಂದ್ಯಗಳಲ್ಲಿ ತಿದ್ದಿದ ಕ್ಲೈಂಟುಗಳು, ಅಂದರೆ ಆಟಗಾರರ ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಂಗಳು, ಕಾಣಿಸಿಕೊಂಡವು. ಗೋಡೆಯಾಚೆ ನಿಂತವನು ಕಾಣುತ್ತಿದ್ದ. ಗುರಿ ತಾನಾಗಿ ಕೂರುತ್ತಿತ್ತು. ಅಲ್ಲಿ ನಿಜವಾಗಿ ಎಡವಿದ್ದು ಎಲ್ಲಿ ಎಂದು ನೋಡಿದರೆ, ಆಟಗಾರನ ಕಂಪ್ಯೂಟರನ್ನು ಪಂದ್ಯ ನಡೆಸುವ ಸರ್ವರ್ ನಂಬಿತ್ತು. ಗೋಡೆಯಾಚೆಯವನ ಸ್ಥಾನವನ್ನೂ ಕಳಿಸಿ, ಅವನನ್ನು ಬಿಡಿಸಬೇಡ ಎಂದು ಹೇಳುವುದು, ಬೀಗದ ಕೈ ಕೊಟ್ಟು ಬಾಗಿಲು ತೆಗೆಯಬೇಡ ಎಂದಂತೆ. ಆಗ ಚರ್ಚೆಗೆ ಬಂದ ಒಂದು ಉಪಾಯ, ಕ್ಲೈಂಟ್ ಅಸಲಿಯೋ ಎಂದು ಪರೀಕ್ಷಿಸುವ ಸಣ್ಣ ಮುಚ್ಚಿದ ಪ್ರೋಗ್ರಾಂ ಒಂದನ್ನು ಹಂಚುವುದು. ಅದೂ ಆಟಗಾರನ ಯಂತ್ರದಲ್ಲೇ ಓಡುವುದರಿಂದ ತಡವಾದೀತೇ ಹೊರತು ತಡೆಯಾಗದು.

ಗಟ್ಟಿ ಪರಿಹಾರ ಇರುವುದು ಸರ್ವರ್ ಬದಿಯಲ್ಲಿ. ಕ್ಲೈಂಟ್ ಕಳಿಸಬೇಕಾದದ್ದು 'ಈ ಗುಂಡಿ ಒತ್ತಿದೆ' ಎಂಬುದನ್ನು, 'ನಾನು ಇಲ್ಲಿದ್ದೇನೆ' ಎಂಬುದನ್ನಲ್ಲ; ಎಲ್ಲಿದ್ದಾನೆಂದು ಸರ್ವರೇ ಲೆಕ್ಕ ಹಾಕಲಿ. ಕಾಣದವರ ಸುದ್ದಿಯನ್ನು ಸರ್ವರ್ ಕಳಿಸಲೇಬಾರದು. 'ಝೊನೋಟಿಕ್' ಆಟದ ತಳಹದಿಯಾದ ಡಾರ್ಕ್‌ಪ್ಲೇಸಸ್ ಎಂಜಿನ್ನಿನಲ್ಲಿ ಇದಕ್ಕೊಂದು ಸೆಟಿಂಗೇ ಇದೆ. ಬೆಲೆಯೂ ಇದೆ: ಯಾರಿಗೆ ಯಾರು ಕಾಣುತ್ತಾರೆ ಎಂದು ಸರ್ವರ್ ಪದೇ ಪದೇ ಗೆರೆ ಎಳೆದು ನೋಡಬೇಕು, ನೆಟ್‌ವರ್ಕ್ ನಿಧಾನವಿದ್ದರೆ ಮೂಲೆ ತಿರುಗಿದಾಗ ಎದುರಾಳಿ ಗಾಳಿಯಿಂದ ಉದುರಿದಂತೆ ಕಾಣಿಸಿಕೊಳ್ಳುತ್ತಾನೆ. ಗುರಿ ತಾನಾಗಿ ಕೂರಿಸುವ ಮೋಸಕ್ಕೆ ಮಾತ್ರ ಇದು ಮದ್ದಲ್ಲ. ಆ ಮೋಸ ಮುಚ್ಚಿದ ಆಟಗಳಲ್ಲೂ ಧಾರಾಳವಾಗಿದೆ.

ಸೈನ್ಯ ನಡೆಸುವ ಆಟಗಳ ಪಾಡು ಬೇರೆ. ಝೀರೊ ಎ.ಡಿ.ಯಲ್ಲಿ ನೂರಾರು ಸೈನಿಕರ ಸ್ಥಾನ ಕಳಿಸುವುದು ದುಬಾರಿಯೆಂದು ಆಜ್ಞೆಗಳನ್ನು ಮಾತ್ರ ಹಂಚಿಕೊಂಡು ಪ್ರತಿ ಯಂತ್ರವೂ ಇಡೀ ಜಗತ್ತನ್ನು ತಾನೇ ಲೆಕ್ಕ ಹಾಕುತ್ತದೆ. ಡೂಮ್ ಕೂಡ ಸೆಕೆಂಡಿಗೆ 35 ಸಲ ಹೀಗೇ ಮಾಡುತ್ತಿತ್ತು. ಎಲ್ಲರ ಲೆಕ್ಕ ಕೊನೆಯ ಬಿಟ್‌ವರೆಗೂ ಒಂದೇ ಆಗಬೇಕು; ದಶಮಾಂಶದ ಲೆಕ್ಕ ಪ್ರೊಸೆಸರ್, ಕಂಪೈಲರ್ ಬದಲಾದಂತೆ ಕೂದಲೆಳೆಯಷ್ಟು ಬದಲಾಗಬಹುದು, ಹತ್ತು ನಿಮಿಷದಲ್ಲಿ ಒಬ್ಬನ ಕೋಟೆ ಬಿದ್ದಿರುತ್ತದೆ, ಇನ್ನೊಬ್ಬನ ತೆರೆಯಲ್ಲಿ ನಿಂತಿರುತ್ತದೆ. ಮುಕ್ತ ಆಟವನ್ನು ಒಬ್ಬೊಬ್ಬರು ಒಂದೊಂದು ಕಂಪೈಲರಿನಲ್ಲಿ ಕಟ್ಟಿಕೊಳ್ಳುವುದರಿಂದ ಈ ಅಪಾಯ ಹೆಚ್ಚು. ಅದಕ್ಕೇ ಝೀರೊ ಎ.ಡಿ. ಇಂಥ ಲೆಕ್ಕಕ್ಕೆ ತೇಲುಬಿಂದು ಸಂಖ್ಯೆ ಬಿಟ್ಟು ಪೂರ್ಣಾಂಕದೊಳಗೇ ದಶಮಾಂಶ ಅಡಗಿಸುವ ಸ್ಥಿರಬಿಂದು ಲೆಕ್ಕ ಬಳಸುತ್ತದೆ; ಡೂಮ್ ಬಳಸಿದ್ದೂ ಅದನ್ನೇ. ಪ್ರತಿಯೊಬ್ಬರ ಯಂತ್ರದಲ್ಲೂ ಇಡೀ ನಕ್ಷೆ ಇರುವುದರಿಂದ, ಎದುರಾಳಿಯ ಕಡೆಯನ್ನು ಮುಚ್ಚುವ ಕತ್ತಲೆ ಸರಿಸಿ ನೋಡುವ ಮೋಸವನ್ನು ಈ ಮಾದರಿ ತಡೆಯಲಾರದು. ಪರಿಚಿತರ ನಡುವೆ ಆಡುವುದೇ ಅಲ್ಲಿ ದಾರಿ.

ಮಾರಬಹುದು, ಆದರೆ

ಜಿಪಿಎಲ್ ಆಟವನ್ನು ಮಾರಲು ಯಾವ ಅಡ್ಡಿಯೂ ಇಲ್ಲ. 'ಮಿಂಡಸ್ಟ್ರಿ' ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ದುಡ್ಡಿಗೆ, ಬೇರೆಡೆ ಪುಕ್ಕಟೆ ಸಿಗುತ್ತದೆ. ಜನ ಕೊಡುವುದು ತಾನಾಗಿ ಅಪ್‌ಡೇಟ್ ಆಗುವ ಅನುಕೂಲಕ್ಕೆ, ಬರೆದವರ ಮೇಲಿನ ಅಕ್ಕರೆಗೆ. 'ಶ್ಯಾಟರ್ಡ್ ಪಿಕ್ಸೆಲ್ ಡಂಜನ್' ಇನ್ನೊಂದು ಪಾಠ ಹೇಳುತ್ತದೆ: ಅದರ ಕೋಡ್ ಜಿಪಿಎಲ್, ಯಾರು ಬೇಕಾದರೂ ಫೋರ್ಕ್ ಮಾಡಬಹುದು, ಅಂದರೆ ಪ್ರತಿ ತೆಗೆದು ಬೇರೆಯಾಗಿ ಬೆಳೆಸಬಹುದು, ಆದರೆ ಹೊರಗಿನವರ ಪ್ಯಾಚ್ ಸ್ವೀಕರಿಸುವುದಿಲ್ಲ. ಮುಕ್ತ ಲೈಸೆನ್ಸ್ ಎಂದರೆ ಎಲ್ಲರೂ ಸೇರಿ ಕಟ್ಟಲೇಬೇಕು ಎಂದೇನಲ್ಲ. ಹೆಸರಿನ ಹಕ್ಕೂ ಬೇರೆ: 2010ರಲ್ಲಿ 'ನೆಕ್ಸುಯಿಝ್' ಎಂಬ ಹೆಸರು ವಾಣಿಜ್ಯ ಆಟಕ್ಕೆ ಹೋದಾಗ ಬಳಗ ಕೋಡ್ ಎತ್ತಿಕೊಂಡು ಹೊರಬಂದು ಕಟ್ಟಿದ್ದೇ ಮೇಲೆ ಹೇಳಿದ ಝೊನೋಟಿಕ್. ಕೋಡ್ ಸಿಕ್ಕಿತು, ಹೆಸರು ಸಿಗಲಿಲ್ಲ.

ಸ್ಟೀಮ್‌ನ ಲೈಬ್ರರಿ ಮುಚ್ಚಿದ ಕೋಡ್. ಹಲವರ ಕೊಡುಗೆ ಇರುವ ಜಿಪಿಎಲ್ ಆಟಕ್ಕೆ ಅದನ್ನು ನೇರ ಬೆಸೆದರೆ ಲೈಸೆನ್ಸ್ ಮುರಿದಂತೆ. ರಯಾನ್ ಗಾರ್ಡನ್ ಬರೆದ 'ಸ್ಟೀಮ್‌ಶಿಮ್' ಇದಕ್ಕೊಂದು ಉಪಾಯ: ಸ್ಟೀಮ್ ಜೊತೆ ಮಾತಾಡುವುದು ಒಂದು ಪುಟ್ಟ ಪ್ರೋಗ್ರಾಂ, ಆಟ ಇನ್ನೊಂದು, ಇಬ್ಬರ ನಡುವೆ ಪೈಪ್ ಮೂಲಕ ಸಂದೇಶ ಮಾತ್ರ. ಪ್ಲೇಸ್ಟೇಷನ್, ನಿಂಟೆಂಡೊ ಯಂತ್ರಗಳಿಗೆ ಈ ಉಪಾಯವೂ ಸಾಗದು. ಅವುಗಳ ಕಿಟ್ ಪಡೆಯಲು ಗುಟ್ಟಿನ ಕರಾರಿಗೆ ಸಹಿ ಹಾಕಬೇಕು, ಗುಟ್ಟನ್ನು ತೆರೆದ ರೆಪೊದಲ್ಲಿ ಇಡಲಾಗದು. ಮುಕ್ತ ಎಂಜಿನ್ 'ಗೊಡೊ' ತಾನೇ ಕನ್ಸೋಲ್ ಬೆಂಬಲ ಕೊಡದಿರುವುದು ಇದರಿಂದಲೇ. ಅದನ್ನು ಬೇರೆ ಕಂಪನಿಗಳು ದುಡ್ಡಿಗೆ ಮಾಡಿಕೊಡುತ್ತವೆ.

ಅರ್ಜೆಂಟೀನಾದ ಹುವಾನ್ ಲಿನಿಯೆಟ್‌ಸ್ಕಿ ಮತ್ತು ಏರಿಯಲ್ ಮನ್ಸೂರ್ ಕಟ್ಟಿದ ಗೊಡೊ 2014ರಲ್ಲಿ, ತಿದ್ದಿದ ಕೋಡ್ ಕೊಡಲೇಬೇಕೆಂಬ ಕಟ್ಟಿಲ್ಲದ ಎಂಐಟಿ ಲೈಸೆನ್ಸಿನಡಿ ಮುಕ್ತವಾಯಿತು. 2023ರ ಸೆಪ್ಟೆಂಬರ್ 12ರಂದು ಮುಚ್ಚಿದ ಕೋಡಿನ ಎಂಜಿನ್ ಮಾಡುವ ಯೂನಿಟಿ ಕಂಪನಿ, ಮಿತಿ ದಾಟಿದ ಆಟಗಳಿಗೆ ಪ್ರತಿ ಇನ್‌ಸ್ಟಾಲ್‌ಗೆ 20 ಸೆಂಟ್‌ವರೆಗೆ ಶುಲ್ಕ ಎಂದಾಗ ಹಲವರು ಇತ್ತ ತಿರುಗಿದರು. 'ಟೆರೇರಿಯಾ' ಮಾಡಿದ ರೀ-ಲಾಜಿಕ್ ಗೊಡೊಗೆ 1 ಲಕ್ಷ ಡಾಲರ್ ಕೊಟ್ಟಿತು. ಮರುವರ್ಷ ಯೂನಿಟಿ ಆ ಶುಲ್ಕ ಕೈಬಿಟ್ಟಿತಾದರೂ, ಕೆಳಗಿನ ಎಂಜಿನ್ನಿನ ಷರತ್ತು ಇನ್ನೊಬ್ಬರ ಕೈಯಲ್ಲಿದ್ದರೆ ಏನಾದೀತು ಎಂಬುದು ಎಲ್ಲರಿಗೂ ತಿಳಿದಿತ್ತು. ಗೊಡೊದಲ್ಲಿ ಮಾಡಿದ ಆಟವನ್ನು ಮುಚ್ಚಿಟ್ಟು ಮಾರಬಹುದು. ಎಂಜಿನ್ನಿನ ಲೈಸೆನ್ಸ್ ಪಠ್ಯವನ್ನು ಆಟದ ಜೊತೆ ತೋರಿಸುವುದಷ್ಟೇ ಕರ್ತವ್ಯ. ಮೇಳ ಎಲ್ಲರದು, ಪ್ರಸಂಗ ನಿಮ್ಮದು.

ಕನ್ನಡದ ಒತ್ತಕ್ಷರ

ಡೂಮ್‌ನ ಸಂದೇಶಗಳ ಅಕ್ಷರಗಳೂ ವ್ಯಾಡ್‌ನೊಳಗಿನ ಬಿಡಿ ಚಿತ್ರಗಳೇ: ಇಂಗ್ಲಿಷ್ ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯ 33ರಿಂದ 95ರವರೆಗೆ, ಒಟ್ಟು 63. ಸಣ್ಣ ಇಂಗ್ಲಿಷ್ ಅಕ್ಷರಗಳಿಗೂ ಅಲ್ಲಿ ಜಾಗವಿಲ್ಲ. ಪಕ್ಕಪಕ್ಕ ಜೋಡಿಸುವ ಈ ಲೆಕ್ಕದಲ್ಲಿ ಕ್ಷ, ತ್ರ, ಸ್ತ್ರೀ ಹುಟ್ಟುವುದೇ ಇಲ್ಲ. ಗೊಡೊ 3ರಲ್ಲೂ ಒತ್ತಕ್ಷರ ಕೆಳಗಿಳಿಯದೆ ಅರ್ಧಾಕ್ಷರವಾಗಿ ಪಕ್ಕದಲ್ಲಿ ನಿಲ್ಲುತ್ತಿತ್ತು. 2023ರ ಮಾರ್ಚ್‌ನಲ್ಲಿ ಬಂದ ಗೊಡೊ 4ಕ್ಕೆ ಹಾರ್ಫ್‌ಬಝ್ ಎಂಬ, ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ಮುಕ್ತ ಲೈಬ್ರರಿ ಸೇರಿದ ಮೇಲೆ ಕನ್ನಡ ಕನ್ನಡದಂತೆ ಕಾಣುತ್ತದೆ.

ಆದರೂ ನೋಡಿಕೊಳ್ಳಬೇಕಾದ್ದಿದೆ. ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು, ಅದರ ಲೈಸೆನ್ಸ್ ಕಡತದ ಸಮೇತ, ಪ್ರಾಜೆಕ್ಟಿನೊಳಗೇ ಇಡಿ. ನಿಮ್ಮ ಯಂತ್ರದಲ್ಲಿ ಸಿಸ್ಟಂ ಫಾಂಟ್ ಕೈಹಿಡಿದು ಎಲ್ಲ ಸರಿ ಕಂಡರೂ, ವೆಬ್‌ಗೆ ರಫ್ತು ಮಾಡಿದಾಗ ಆ ಆಸರೆ ಇರುವುದಿಲ್ಲ, ಬರೀ ಚೌಕಗಳು ಬರುತ್ತವೆ. ಇಂಗ್ಲಿಷ್ ಅಳತೆಗೆ ಮಾಡಿದ ಗುಂಡಿಗಳಲ್ಲಿ ಒತ್ತಕ್ಷರದ ಕಾಲು ಕತ್ತರಿಸುತ್ತದೆ; ಎತ್ತರ ಹೆಚ್ಚಿಸಿ. ಹಳೆಯ ನುಡಿ, ಬರಹದ ಆಸ್ಕಿ ಪಠ್ಯ ಬಂದರೆ ಯೂನಿಕೋಡಿಗೆ ಬದಲಿಸಿಯೇ ಒಳಗೆ ಹಾಕಿ. ಮಾತು ಅಕ್ಷರ ಅಕ್ಷರವಾಗಿ ಮೂಡುವ ಪರಿಣಾಮ ಬೇಕಿದ್ದರೆ, ಅಕ್ಷರ ಕಾಣಿಸುವ ಕ್ರಮವನ್ನು 'ಜೋಡಣೆಗೆ ಮುಂಚೆ' ಎಂಬ ಮೂಲ ಆಯ್ಕೆಯಿಂದ 'ಜೋಡಣೆಯ ನಂತರ' ಎಂಬುದಕ್ಕೆ ಬದಲಿಸಿ. ಇಲ್ಲದಿದ್ದರೆ ಕ್ಷ ಬರುವ ಕಡೆಯಲ್ಲೆಲ್ಲ ಮೊದಲು ಕ, ಆಮೇಲೆ ಕ್, ಕೊನೆಗೆ ಕ್ಷ ಎಂದು ತೆರೆ ತೊದಲುತ್ತದೆ.

ಅನುವಾದದಲ್ಲಿ ಬೇರೆಯೇ ತೊಡಕು. ಎಂಜಿನ್ನು 'ನಿನಗೆ' ಎಂಬುದಕ್ಕೆ ವಸ್ತುವಿನ ಹೆಸರನ್ನೂ 'ಅನ್ನು ಕೊಟ್ಟರು' ಎಂಬುದನ್ನೂ ಅಂಟಿಸಿದರೆ 'ಕತ್ತಿ ಅನ್ನು ಕೊಟ್ಟರು' ಆಗುತ್ತದೆ, ಕತ್ತಿಯನ್ನು ಆಗುವುದಿಲ್ಲ. ಅನುವಾದದ ಕಡತದಲ್ಲಿ ಇದಕ್ಕೆ ಮದ್ದಿಲ್ಲ. ವಾಕ್ಯ ಕಟ್ಟುವ ಸಾಲು ಇರುವುದು ಕೋಡಿನಲ್ಲಿ. ಮುಕ್ತ ಆಟವಾದರೆ ಆ ಸಾಲು ಹುಡುಕಿ, ಹೆಸರಿಗೆ ವಿಭಕ್ತಿ ಹತ್ತದಂತೆ 'ಸಿಕ್ಕಿದ್ದು: ಕತ್ತಿ' ಎಂಬ ಮಾದರಿಗೆ ತಿದ್ದಿ ಪ್ಯಾಚ್ ಕಳಿಸಬಹುದು. ತಮಿಳು, ಫಿನ್ನಿಶ್, ಟರ್ಕಿಶ್ ಅನುವಾದಕರೂ ಅದೇ ಸಾಲಿನ ಮೇಲೆ ಗೊಣಗಿರುತ್ತಾರೆ, ಹಾಗಾಗಿ ಒಪ್ಪಿಗೆ ಸಿಗುವುದು ಕಷ್ಟವಲ್ಲ.